ಕಾರ್ಲಾ ಕಡೆಗೋ, ಗೋವಾ ಕಡೆಗೋ?

ಇತಿಹಾಸ, ಕಾಡು, ಒಂದಿಷ್ಟು ಸೇವೆ. ಮುಂಬೈ, ಪುಣೆಯ ಕನ್ನಡ ಗೆಳೆಯರಿಗೆ ಒಂದೇ ಪ್ರವಾಸದಲ್ಲಿ ಮೂರೂ ಬೇಕಿದ್ದರೆ ನಾನು ಹೇಳುವುದು ಎರಡೇ ದಾರಿ.

ಎರಡು ದಿನ ರಜೆಯಿದ್ದರೆ ಲೋಣಾವಳ ಬಳಿಯ ಕಾರ್ಲಾ. ಸುಮಾರು 45 ಮೀಟರ್ ಉದ್ದದ ಚೈತ್ಯಗೃಹವನ್ನು, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರವನ್ನು, ಬಂಡೆಯಲ್ಲೇ ಕೊರೆದಿದ್ದಾರೆ. ಚಾವಣಿಯಲ್ಲಿ ಪ್ರಾಚೀನ ಮರದ ಕಮಾನುಗಳು ಇನ್ನೂ ಇವೆ. ಇದನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ಆ ವೈಜಯಂತಿ ನಮ್ಮ ಬನವಾಸಿಯೇ ಎನ್ನುತ್ತಾರೆ ವಿದ್ವಾಂಸರು. ಕನ್ನಡದ ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಬೇಕು, ಅಲ್ವಾ? ಪಕ್ಕದಲ್ಲೇ ಏಕವೀರಾ ದೇವಿಯ ಗುಡಿ ಇರುವುದರಿಂದ ಜನ ಜಾಸ್ತಿ. ಬೆಳಿಗ್ಗೆ ಬೇಗ ಹತ್ತಿ.

ನಾಲ್ಕು ದಿನ ಸಿಕ್ಕರೆ ಗೋವಾ. ಹಳೇ ಗೋವಾದ ಚರ್ಚುಗಳಿವೆ, ಸರಿ. ನನಗೆ ಹೆಚ್ಚು ಇಷ್ಟ ತಾಂಬಡಿ ಸುರ್ಲಾ. ಕದಂಬರ ಕಾಲದ ಕಪ್ಪು ಕಲ್ಲಿನ ಮಹಾದೇವ ಗುಡಿ, ಸುತ್ತ ಘಟ್ಟದ ಕಾಡು. ಕಾಡಿನ ಮಟ್ಟಿಗೆ ಗೋವಾವೇ ಮೇಲು.

ಸೇವೆಗೆ? ಗೋವಾದಲ್ಲಿ ಅರ್ಧ ದಿನ ಬೀಚ್ ಸ್ವಚ್ಛ ಮಾಡಬಹುದು. ಕಸ ಎಲ್ಲಿಗೆ ಹೋಗಬೇಕೆಂದು ಪಂಚಾಯ್ತಿಯನ್ನು ಮೊದಲೇ ಕೇಳಿ. ಹಳ್ಳಿ ಶಾಲೆಯ ಕೆಲಸಕ್ಕೆ ಮಾತ್ರ ಕಾರ್ಲಾ ಕಡೆಯೇ ಒಳ್ಳೆಯದು. ಹತ್ತಿರವಿದೆ, ಮತ್ತೆ ಮತ್ತೆ ಹೋಗಬಹುದು. ಸುಮ್ನೆ ಒಮ್ಮೆ ಹೋಗಿ ಫೋಟೋ ತೆಗೆದುಕೊಂಡು ಬಂದರೆ ಆ ಮಕ್ಕಳಿಗೆ ಏನೂ ಸಿಗುವುದಿಲ್ಲ.