ಮನುಷ್ಯರ ಕೊಬ್ಬಿನ ಸೆಲ್ ಬೆಳೆಸುವ ರೆಡಿಮೇಡ್ ಕಿಟ್: ಕಲಬುರಗಿಯ ಲ್ಯಾಬ್‌ಗೆ ಎಷ್ಟು ಹೊಂದುತ್ತದೆ?

ಬೊಜ್ಜಿನ ಸಂಶೋಧನೆಯಲ್ಲಿ ಇಲಿಯ 3ಟಿ3-ಎಲ್1 ಸೆಲ್ ಬಿಟ್ಟು ಮನುಷ್ಯರ ಪ್ರಿಅಡಿಪೋಸೈಟ್ (ಮುಂದೆ ಕೊಬ್ಬಿನ ಸೆಲ್ ಆಗಬಲ್ಲ ಎಳೆಯ ಸೆಲ್) ಕಡೆ ಬರುವವರಿಗೆ ಸಾಮಾನ್ಯವಾಗಿ ಸಿಗುವುದು ಮೂರು ಭಾಗದ ಕಿಟ್: ಸುಮಾರು 5 ಲಕ್ಷ ಸೆಲ್ ಇರುವ ಒಂದು ವಯಲ್ (ಚಿಕ್ಕ ಸೀಸೆ), ಸೆಲ್ ಹೆಚ್ಚಿಸುವ ದ್ರವವಾದ ಗ್ರೋತ್ ಮೀಡಿಯಾ, ಅವನ್ನು ಕೊಬ್ಬಿನ ಸೆಲ್ ಆಗಿಸುವ ಡಿಫರೆನ್ಸಿಯೇಶನ್ ಮೀಡಿಯಾ. ಕಲಬುರಗಿಯಿಂದ ಆರ್ಡರ್ ಮಾಡುವವರಿಗೆ ನಮ್ಮ ಸಲಹೆ ಇಷ್ಟು: ಸೆಲ್‌ಗೆ ದುಡ್ಡು ಕೊಡಿ, ಡಿಫರೆನ್ಸಿಯೇಶನ್ ಮೀಡಿಯಾ ನೀವೇ ಮಾಡಿಕೊಳ್ಳಿ.

ಸೆಲ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಲೈಪೋಸಕ್ಷನ್‌ನಲ್ಲಿ ಹೀರಿ ತೆಗೆದ ಕೊಬ್ಬು ತಂದು, ಕೊಲಾಜಿನೇಸ್ ಕಿಣ್ವ ಹಾಕಿ ಸೆಲ್ ಬೇರ್ಪಡಿಸುವ ಕೆಲಸವೆಲ್ಲ ತಪ್ಪುತ್ತದೆ. ಆದರೆ ಆರ್ಡರ್‌ಗೆ ಮುಂಚೆ ಆ ಲಾಟ್‌ನ (ಒಂದೇ ಸಲ ತಯಾರಾದ ತಂಡದ) ಸರ್ಟಿಫಿಕೇಟ್ ತರಿಸಿಕೊಂಡು ಓದಲೇಬೇಕು: ದಾನಿಯ ವಯಸ್ಸು, ಬಿಎಂಐ, ಕೊಬ್ಬು ತೆಗೆದ ಜಾಗ, ಪ್ಯಾಸೇಜ್ ಸಂಖ್ಯೆ (ಸೆಲ್ ಎಷ್ಟು ಸಲ ಹೊಸ ಫ್ಲಾಸ್ಕ್‌ಗೆ ಬದಲಾಗಿದೆ). ಚರ್ಮದಡಿಯ ಕೊಬ್ಬಿನ ಸೆಲ್ ಚೆನ್ನಾಗಿ ಎಣ್ಣೆ ತುಂಬಿಕೊಳ್ಳುತ್ತದೆ, ಹೊಟ್ಟೆಯೊಳಗಿನ ಓಮೆಂಟಲ್ ಸೆಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಜನರಿಗೆ ಕಡಿಮೆ ಬಿಎಂಐಯಲ್ಲೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ಹಾಗಾಗಿ ಬಿಎಂಐ 35ರ ಒಬ್ಬ ದಾನಿಯ ಸೆಲ್ ನೋಡಿ ಇಲ್ಲಿಯವರ ಬಗ್ಗೆ ತೀರ್ಮಾನ ಬರೆಯುವುದು ತಪ್ಪು. ಕನಿಷ್ಠ ಮೂವರು ದಾನಿಗಳ ಲಾಟ್ ಇಟ್ಟುಕೊಳ್ಳಿ.

ಕಿಟ್‌ನ ನಿಜವಾದ ದೌರ್ಬಲ್ಯ ಸಾಗಣೆ. ಡ್ರೈ ಐಸ್ ಮೈನಸ್ 78 ಡಿಗ್ರಿಯಲ್ಲಿದ್ದರೂ ಸಾಮಾನ್ಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 4 ಕೆಜಿ ಆವಿಯಾಗಿ ಹೋಗುತ್ತದೆ. ಹೈದರಾಬಾದ್‌ನಲ್ಲಿ ಇಳಿದ ಪೆಟ್ಟಿಗೆ ರಸ್ತೆ ಮೇಲೆ ಒಂದು ದಿನ ತಡವಾದರೂ ಕಷ್ಟ. ಭಾನುವಾರ ಗೋದಾಮಿನಲ್ಲಿ ಕೂರದಂತೆ ಸೋಮವಾರವೇ ರವಾನಿಸಲು ಬರೆದು ತಿಳಿಸಿ. ಪೆಟ್ಟಿಗೆ ತೆರೆದ ಕೂಡಲೇ ಫೋಟೋ ತೆಗೆದುಕೊಳ್ಳಿ, ಐಸ್ ಉಳಿದಿಲ್ಲದಿದ್ದರೆ ಬದಲಿ ಕೇಳಲು ಅದೇ ಆಧಾರ. ವಯಲ್ ಬಂದ ದಿನವೇ ಲಿಕ್ವಿಡ್ ನೈಟ್ರೋಜನ್‌ಗೆ ಹೋಗಬೇಕು. ಮೈನಸ್ 80 ಫ್ರೀಜರ್‌ನಲ್ಲಿ ವಾರಗಟ್ಟಲೆ ಇಟ್ಟರೆ ಬದುಕುವ ಸೆಲ್ ಕಡಿಮೆಯಾಗುತ್ತಾ ಹೋಗುತ್ತದೆ.

ಒಂದು ವಯಲ್ 75 ಚದರ ಸೆಂ.ಮೀ. ತಳದ ಒಂದು ಟಿ-75 ಫ್ಲಾಸ್ಕ್‌ಗೆ ಸರಿ, ಚದರ ಸೆಂ.ಮೀ.ಗೆ ಸುಮಾರು 6,700 ಸೆಲ್ ಬೀಳುತ್ತದೆ. ಕಿಟ್‌ನ ಗ್ರೋತ್ ಮೀಡಿಯಾ ಬಗ್ಗೆ ತಕರಾರಿಲ್ಲ. ಐದನೇ ಪ್ಯಾಸೇಜ್ ದಾಟಿಸಬೇಡಿ. ಸೆಲ್ ಹೆಚ್ಚುತ್ತದೆ, ಕೊಬ್ಬಾಗುವ ಗುಣ ಹೋಗುತ್ತದೆ.

ಡಿಫರೆನ್ಸಿಯೇಶನ್‌ಗೆ ಪ್ಲೇಟ್ ಪೂರ್ತಿ ತುಂಬಿರಬೇಕು, ಚದರ ಸೆಂ.ಮೀ.ಗೆ ಸುಮಾರು 40,000 ಸೆಲ್. ಮೀಡಿಯಾದಲ್ಲಿ ಸೇರಬೇಕಾದ್ದು: ಡಿಎಂಇಎಂ/ಎಫ್12, ಶೇ 3 ಸೀರಮ್, ಬಯೋಟಿನ್ 33 ಮತ್ತು ಪ್ಯಾಂಟೊಥೆನೇಟ್ 17 ಮೈಕ್ರೊಮೋಲಾರ್, ಇನ್ಸುಲಿನ್ 100 ನ್ಯಾನೊಮೋಲಾರ್, ಡೆಕ್ಸಾಮೆಥಸೋನ್ 1 ಮೈಕ್ರೊಮೋಲಾರ್, ಐಬಿಎಂಎಕ್ಸ್ ಎಂಬ ರಾಸಾಯನಿಕ 0.5 ಮಿಲಿಮೋಲಾರ್, ಮಧುಮೇಹದ ಔಷಧ ರೋಸಿಗ್ಲಿಟಜೋನ್ 1 ಮೈಕ್ರೊಮೋಲಾರ್. ಇದು ಮೊದಲ ಮೂರರಿಂದ ಏಳು ದಿನಕ್ಕೆ. ಆಮೇಲೆ ಹದಿನಾಲ್ಕನೇ ದಿನದವರೆಗೆ ಇನ್ಸುಲಿನ್, ಡೆಕ್ಸಾಮೆಥಸೋನ್ ಮಾತ್ರ. ಐಬಿಎಂಎಕ್ಸ್ ತಣ್ಣನೆಯ ಮೀಡಿಯಾದಲ್ಲಿ ಹರಳುಗಟ್ಟುತ್ತದೆ; ಮೀಡಿಯಾ 37 ಡಿಗ್ರಿಗೆ ತಂದು, ಕಲಕುತ್ತಾ ಹನಿಹನಿಯಾಗಿ ಹಾಕಿ. ಹಲವು ಕಂಪನಿಗಳು ಪ್ರಮಾಣವನ್ನೇ ಹೇಳದೆ ಇಂಥದ್ದೇ ಮಿಶ್ರಣ ಮಾರುತ್ತವೆ. ಮೀಡಿಯಾದಲ್ಲೇ ಅದು ಎಷ್ಟಿದೆಯೆಂದು ತಿಳಿಯದೆ ರೋಸಿಗ್ಲಿಟಜೋನ್ ತರಹದ ಔಷಧ ಪರೀಕ್ಷಿಸುವುದು ಹೇಗೆ? ನೀವೇ ಮಾಡಿಕೊಳ್ಳಿ ಎನ್ನಲು ಇದೇ ಮುಖ್ಯ ಕಾರಣ.

ಏಳನೇ ದಿನದ ಹೊತ್ತಿಗೆ ಉದ್ದುದ್ದ ಇದ್ದ ಸೆಲ್ ದುಂಡಗಾಗಿ, ಒಳಗೆ ಹೊಳೆಯುವ ಸಣ್ಣ ಹನಿಗಳು ಕಾಣುತ್ತವೆ. ಎಷ್ಟೋ ಪ್ಲೇಟ್ ಹಾಳಾಗುವುದು ಇಲ್ಲಿಂದ ಮುಂದೆ. ಎಣ್ಣೆ ತುಂಬಿದ ಸೆಲ್ ಸಾರಿನ ಮೇಲಿನ ಒಗ್ಗರಣೆಯಂತೆ ತೇಲಲು ಕಾದಿರುತ್ತದೆ. ಮೀಡಿಯಾ ಪೂರ್ತಿ ಎಳೆದು ಸೆಲ್ ಗಾಳಿಗೆ ತೆರೆದುಕೊಂಡರೆ ಇಡೀ ಪದರವೇ ಎದ್ದುಬರುತ್ತದೆ. ಮೂರರಲ್ಲಿ ಒಂದು ಭಾಗ ಉಳಿಸಿ, ಪ್ಲೇಟ್ ಓರೆ ಮಾಡಿ, ಹೊಸದನ್ನು ವೆಲ್‌ನ ಗೋಡೆಗುಂಟ ಇಳಿಸಿ. ಕಂಪನಿಯವರ ಹಾಳೆಯಲ್ಲಿ ಇದಕ್ಕೆ ಒಂದು ಸಾಲಾದರೂ ಇದೆಯೇ ನೋಡಿಕೊಳ್ಳಿ.

ನಮ್ಮ ಬೇಸಿಗೆಯದ್ದೇ ಬೇರೆ ಲೆಕ್ಕ. ಸಾಮಾನ್ಯ ಸಿಓ2 ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕೋಣೆಯ ತಾಪ ಇನ್‌ಕ್ಯುಬೇಟರ್ ಒಳಗಿನದಕ್ಕಿಂತ 5 ಡಿಗ್ರಿಯಾದರೂ ಕಡಿಮೆ ಇರಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ, ಇನ್‌ಕ್ಯುಬೇಟರ್ ಯುಪಿಎಸ್ ಮೇಲಿದ್ದರೂ ಒಳಗೆ 37 ದಾಟುತ್ತದೆ. ಎಸಿಗೂ ಜನರೇಟರ್ ಲೈನ್ ಕೊಡಿಸಿ. ನೀರಿನ ತಟ್ಟೆಗೆ ಸ್ಟೆರೈಲ್ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರ್ ನೀರು ಬೇಡ. 96 ವೆಲ್ ಪ್ಲೇಟ್‌ನ ಅಂಚಿನ ವೆಲ್‌ಗಳು ಹದಿನಾಲ್ಕು ದಿನದಲ್ಲಿ ಒಣಗುತ್ತವೆ, ಅಲ್ಲಿ ಸೆಲ್ ಬದಲು ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ.

ಕೊಬ್ಬಿನ ಹನಿಗೆ ಕೆಂಪು ಬಣ್ಣ ಹಿಡಿಸುವ ಆಯಿಲ್ ರೆಡ್ ಓವನ್ನು, ಐಸೊಪ್ರೊಪನಾಲ್‌ನಲ್ಲಿ ಕರಗಿಸಿದ ಸ್ಟಾಕ್ ಮೂರು ಪಾಲಿಗೆ ಎರಡು ಪಾಲು ನೀರು ಕೂಡಿಸಿ, ಫಿಲ್ಟರ್ ಮಾಡಿ, ಆಗಲೇ ಬಳಸಿ. ಐಸೊಪ್ರೊಪನಾಲ್ ಹಾರಿದರೆ ಕೆಂಪು ಸೂಜಿ ಹರಳುಗಳು ಬೀಳುತ್ತವೆ, ಹೊಸಬರು ಅವನ್ನೇ ಕೊಬ್ಬೆಂದು ಎಣಿಸುತ್ತಾರೆ. ಲೈಪಾಲಿಸಿಸ್ (ಸೆಲ್ ತನ್ನ ಕೊಬ್ಬು ಒಡೆದು ಗ್ಲಿಸರಾಲ್, ಫ್ಯಾಟಿ ಆಸಿಡ್ ಹೊರಬಿಡುವುದು) ನೋಡುವವರು ಅದನ್ನು ಪ್ರಚೋದಿಸುವ ಐಸೊಪ್ರೊಟೆರಿನಾಲ್ ಕೊಡುವಾಗ ಫ್ಯಾಟಿ ಆಸಿಡ್ ಇಲ್ಲದ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಶೇ 2 ಹಾಕಿ. ಹೊರಬಂದ ಫ್ಯಾಟಿ ಆಸಿಡ್ ಹಿಡಿಯಲು ಏನೂ ಇಲ್ಲದಿದ್ದರೆ ಲೈಪಾಲಿಸಿಸ್ ತಾನೇ ತಗ್ಗುತ್ತದೆ, ಗ್ಲಿಸರಾಲ್ ಕಡಿಮೆ ಬರುತ್ತದೆ.

"ಪ್ರಬುದ್ಧ ಅಡಿಪೋಸೈಟ್" (ಪೂರ್ತಿ ಬಲಿತ ಕೊಬ್ಬಿನ ಸೆಲ್) ಎಂಬ ಜಾಹೀರಾತಿನ ಮಾತನ್ನು ಪೂರ್ತಿ ಒಪ್ಪಲಾಗದು. ದೇಹದ ಬಿಳಿ ಕೊಬ್ಬಿನ ಸೆಲ್‌ನಲ್ಲಿ ಒಂದೇ ದೊಡ್ಡ ಹನಿ, ಇಲ್ಲಿ ಹತ್ತಾರು ಚಿಕ್ಕವು. ಒಂದೇ ಹನಿ ಬೇಕೆನ್ನುವವರು ಸ್ಫೆರಾಯ್ಡ್ (ಸೆಲ್‌ಗಳ ಪುಟ್ಟ ಉಂಡೆ) ಅಥವಾ ಹೈಡ್ರೊಜೆಲ್‌ನಲ್ಲಿ ಇನ್ನೂ ಕೆಲವು ವಾರ ಬೆಳೆಸಬೇಕು, ಅದಕ್ಕೆ ಈ ಕಿಟ್‌ನಿಂದ ಸೆಲ್ ಮಾತ್ರ ಉಪಯೋಗ.