ಹಂದಿ ಹುರಿದ ಬಾಣಲೆಗೆ ಕಾಫಿ ಸುರಿಯುವ ಹೋಟೆಲ್

ಮೊನ್ನೆ ಕೊಡಗಿನ ಸುಂಟಿಕೊಪ್ಪದ ಹಂದಿ ಮಾಂಸದ ಅಂಗಡಿಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. ‘ಎರಡು ತಿಂಗಳು ಅಮೆರಿಕದಲ್ಲಿ ಬೆಳಗ್ಗೆ ಏನು ತಿಂದಿರಿ? ಬರೀ ಬ್ರೆಡ್ಡಾ?’ ಅಂತ ಪಾಪ ಅನ್ನುವ ಹಾಗೆ ಕೇಳಿದರು. ಅಲ್ಲೇ ನಿಂತು ಹೇಳೋಕೆ ಹೊರಟಿದ್ದರೆ ನನ್ನ ಸರದಿ ತಪ್ಪುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಾದಾಪುರ ರಸ್ತೆಯಲ್ಲಿ ಒಂದಿಷ್ಟು ಕಾಫಿ ತೋಟ, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಬಂದವರಿಗೆ ಬೆಳಗಿನ ತಿಂಡಿ ಮಾಡುವವನು ನಾನೇ. ಹಾಗಾಗಿ ಬೇರೆ ಕಡೆ ತಿನ್ನೋಕೆ ಕೂತರೂ ನನ್ನ ಕಣ್ಣು ತಟ್ಟೆಗಿಂತ ಮೊದಲು ಅಡುಗೆಮನೆ ಕಡೆ ಹೋಗುತ್ತದೆ. ಮಗಳು ಇರುವುದು ನಾರ್ತ್ ಕೆರೊಲೈನಾ ರಾಜ್ಯದ ಶಾರ್ಲೆಟ್‌ನಲ್ಲಿ. ಕಾಫಿ ಕೊಯ್ಲು ಮುಗಿಸಿ, ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಬರುವ ಮೊದಲೇ ವಿಮಾನ ಹತ್ತಿದ್ದೆ. ಅಲ್ಲಿದ್ದಷ್ಟು ದಿನ ಬೆಳಗ್ಗೆ ಎದ್ದ ತಕ್ಷಣ ಮನೆಗೆ ಫೋನ್ ಮಾಡಿ ‘ಮಳೆ ಬಂತಾ?’ ಅಂತ ಕೇಳುವುದೇ ಕೆಲಸ.

ಮೊದಲ ವಾರ ಮಗಳು ಕರೆದುಕೊಂಡು ಹೋದದ್ದೆಲ್ಲ ನಗರದ ಹೋಟೆಲ್‌ಗಳು. ಅವುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಪ್ಯಾನ್‌ಕೇಕು, ಸಿರಪ್ಪು, ಮೇಲೊಂದು ಸ್ಟ್ರಾಬೆರಿ. ಒಂದು ಶನಿವಾರ ‘ಅಪ್ಪ, ನಿಮಗೆ ಇದಲ್ಲ ಬೇಕಿರೋದು’ ಅಂತ ಪಶ್ಚಿಮಕ್ಕೆ, ಶೆಲ್ಬಿ ಕಡೆಗೆ ಕಾರು ತಿರುಗಿಸಿದಳು. ಪೆಟ್ರೋಲ್ ಬಂಕ್ ಪಕ್ಕದಲ್ಲಿ ಒಂದು ತಗ್ಗು ಕಟ್ಟಡ. ಹೊರಗೆ ನಾಲ್ಕೈದು ಪಿಕಪ್ ಟ್ರಕ್. ಒಳಗೆ ನನ್ನ ವಯಸ್ಸಿನ ಗಂಡಸರು ಟೋಪಿ ಹಾಕಿಕೊಂಡೇ ತಿನ್ನುತ್ತಿದ್ದರು. ಬಡಿಸುವ ಹೆಂಗಸು ಬಂದವಳೇ ‘ಏನು ಕೊಡಲಿ, ಹನಿ?’ ಅಂದಳು. ಆ ದೇಶದ ಆ ಭಾಗದಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ. ಹನಿ ಅಂದರೆ ನನಗೆ ನೆನಪಾಗಿದ್ದು ಊರಲ್ಲಿ ಇನ್ನೂ ಬೀಳದ ಮಳೆ ಮಾತ್ರ.

ಮೊದಲು ಬಂದದ್ದು ಲಿವರ್‌ಮಷ್. ಹಂದಿಯ ಲಿವರ್, ತಲೆಯ ಮಾಂಸ, ಮೆಕ್ಕೆಜೋಳದ ಹಿಟ್ಟು, ಮೆಣಸು, ಸೇಜ್ ಅನ್ನುವ ಒಂದು ಸೊಪ್ಪು. ಎಲ್ಲ ಬೇಯಿಸಿ ಇಟ್ಟಿಗೆ ಹಾಗೆ ಅಚ್ಚು ಹಾಕಿ, ಹೋಳು ಮಾಡಿ ಕಾವಲಿಯಲ್ಲಿ ಗರಿಗರಿಯಾಗಿ ಹುರಿಯುತ್ತಾರೆ. ಕನಿಷ್ಠ ಶೇ 30ರಷ್ಟು ಲಿವರ್ ಇದ್ದರೆ ಮಾತ್ರ ಆ ಹೆಸರಿಟ್ಟು ಮಾರಬಹುದು. ರಾಜ್ಯದ ಪಶ್ಚಿಮ ಭಾಗ ಬಿಟ್ಟರೆ ಬೇರೆ ಕಡೆ ಇದರ ಹೆಸರು ಕೇಳಿದವರೇ ಕಡಿಮೆ. ಉತ್ತರದ ಪೆನ್ಸಿಲ್ವೇನಿಯಾ ಕಡೆ ಸ್ಕ್ರಾಪಲ್ ಅಂತ ಇದರ ದಾಯಾದಿ ಒಂದಿದೆ. ಹಂದಿಯ ಯಾವ ಭಾಗವನ್ನೂ ಎಸೆಯದವರು ಮಾಡಿದ ತಿಂಡಿ ಅಂತ ನೋಡಿದರೇ ಗೊತ್ತಾಗುತ್ತದೆ. ಹೊರಗೆ ಚರಚರ, ಒಳಗೆ ಮೆತ್ತಗೆ. ಕಾಳುಮೆಣಸು ಮಾತ್ರ ಸಾಲದು. ನಮ್ಮ ಮನೆಯ ಲಿವರ್ ಫ್ರೈಗೆ ಹಾಕುವುದರಲ್ಲಿ ಕಾಲುಭಾಗವೂ ಇರಲಿಲ್ಲ.

ಆಮೇಲೆ ಹ್ಯಾಮ್ ಬಂತು. ‘ಕಂಟ್ರಿ ಹ್ಯಾಮ್’ ಅಂದರೆ ಹಂದಿಯ ಹಿಂದಿನ ತೊಡೆಗೆ ಉಪ್ಪು ತಿಕ್ಕಿ, ತಿಂಗಳುಗಟ್ಟಲೆ ನೇತುಹಾಕಿ ಒಣಗಿಸಿದ್ದು. ಕೆಲವರು ಹೊಗೆಯನ್ನೂ ಕೊಡುತ್ತಾರೆ. ಮಳೆಗಾಲಕ್ಕೆ ಅಂತ ಒಲೆ ಮೇಲೆ ಕಟ್ಟಿಟ್ಟ ಮಾಂಸ ತಿಂದು ಬೆಳೆದವನಿಗೆ ಇದನ್ನು ವಿವರಿಸಬೇಕಿಲ್ಲ. ನನಗೆ ಹೊಸದು ಮುಂದಿನದು. ಅಡುಗೆಮನೆಯ ಕಿಂಡಿಯಿಂದ ಕಾಣುತ್ತಿತ್ತು. ಅಡುಗೆಯವನು ಕಬ್ಬಿಣದ ಬಾಣಲೆಯಲ್ಲಿ ಹ್ಯಾಮ್ ಹೋಳು ಹುರಿದು ತೆಗೆದ. ತಳದಲ್ಲಿ ಕಂದು ಹಿಡಿದಿತ್ತು, ಮೇಲೆ ಕೊಬ್ಬು ನಿಂತಿತ್ತು. ಪಕ್ಕದ ಜಗ್ಗಿನಿಂದ ಅರ್ಧ ಲೋಟ ಕಾಫಿ ತೆಗೆದು ಅದಕ್ಕೇ ಸುರಿದ! ಹಾಲಿಲ್ಲ, ಸಕ್ಕರೆ ಇಲ್ಲ, ಕುಡಿಯುವ ಕಾಫಿನೇ. ಚುಂಯ್ ಅಂತು. ಸಟ್ಟುಗದಲ್ಲಿ ತಳ ಕೆರೆದು, ಒಂದು ಕುದಿ ಬಂದ ಮೇಲೆ ಬಟ್ಟಲಿಗೆ ಬಗ್ಗಿಸಿದ. ಅಷ್ಟೇ ಅಡುಗೆ.

ಇದಕ್ಕೆ ರೆಡ್ ಐ ಗ್ರೇವಿ ಅಂತ ಹೆಸರು, ಕೆಂಗಣ್ಣಿನ ಸಾರು ಅನ್ನಿ. ಬಟ್ಟಲಲ್ಲಿ ಕೊಬ್ಬು ಬೇರೆ, ಕಾಫಿ ಬೇರೆಯಾಗಿ ನಡುವೆ ಕೆಂಪಗೆ ಒಂದು ಕಣ್ಣು ಕಾಣುತ್ತದೆ. ರಾತ್ರಿ ಕುಡಿದು ಕಣ್ಣು ಕೆಂಪಾಗಿದ್ದ ಅಡುಗೆಯವನಿಗೆ ಅವರ 7ನೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ‘ನಿನ್ನ ಕಣ್ಣಿನಷ್ಟು ಕೆಂಪಾದ ಗ್ರೇವಿ ಕೊಡು’ ಅಂದನಂತೆ ಅಂತಲೂ ಒಂದು ಕಥೆ ಇದೆ. ಕಥೆ ಸುಮ್ನೆ ಹುಟ್ಟಿಸಿದ್ದಿರಬೇಕು. ಬಟ್ಟಲಲ್ಲಿ ಕಣ್ಣು ಕಂಡದ್ದು ಮಾತ್ರ ನಿಜ.

ಅದನ್ನು ಅದ್ದಿಕೊಂಡು ತಿನ್ನೋಕೆ ಬಿಸ್ಕೆಟ್. ನಮ್ಮ ಚಹಾದ ಬಿಸ್ಕೆಟ್ ಅಲ್ಲ. ಮೈದಾಕ್ಕೆ ತಣ್ಣನೆ ಬೆಣ್ಣೆ ಉದುರಿಸಿ, ಮಜ್ಜಿಗೆ ಹಾಕಿ, ಜಾಸ್ತಿ ನಾದದೆ ಸುಟ್ಟ ಬಿಸಿ ಬನ್ನು ಅಂದುಕೊಳ್ಳಿ. ಎರಡು ಬೆರಳಲ್ಲಿ ಎಳೆದರೆ ಪದರ ಪದರವಾಗಿ ಬಿಡುತ್ತದೆ. ಮೊದಲ ತುತ್ತಿಗೆ ಉಪ್ಪು ತಲೆಗೇರಿತು. ಎರಡನೆಯದಕ್ಕೆ ಕಾಫಿಯ ಕಹಿ ಹಿಂದಿನಿಂದ ಬಂದು ಕೊಬ್ಬನ್ನು ಕತ್ತರಿಸಿತು. ನಮ್ಮ ಪಂದಿಕರಿಯಲ್ಲಿ ಕಾಚಂಪುಳಿ ಅನ್ನುವ ಕಪ್ಪು ಹುಳಿ ಮಾಡುವ ಕೆಲಸವನ್ನು ಇಲ್ಲಿ ಕಾಫಿ ಮಾಡುತ್ತಿದೆ ಅಲ್ವಾ ಅನ್ನಿಸಿತು. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು, ಹಂದಿ ಇಲ್ಲದೆ ಮದುವೆ ಊಟ ಇಲ್ಲದವರು ನಾವು. ನಮಗೆ ಇದು ಹೊಳೆಯಲೇ ಇಲ್ಲವಲ್ಲ ಅಂತ ನಾಚಿಕೆಯಾಯಿತು.

ಕುಡಿಯೋಕೆ ಕೊಟ್ಟ ಕಾಫಿ ಮಾತ್ರ ನೀರು. ಲೋಟ ಖಾಲಿಯಾಗುವ ಮೊದಲೇ ಬಂದು ಬಂದು ತುಂಬುತ್ತಾರೆ, ದುಡ್ಡಿಲ್ಲ. ಪುಕ್ಕಟೆ ಕೊಡುವುದು ಅಂದಮೇಲೆ ಗಟ್ಟಿ ಎಲ್ಲಿಂದ ಬರಬೇಕು! ಇಬ್ಬರಿಗೆ ಬಿಲ್ 26 ಡಾಲರ್, ಅದರ ಮೇಲೆ ಐದು ಡಾಲರ್ ಟಿಪ್ಸ್. ಅಲ್ಲಿ ಟಿಪ್ಸ್ ಕೊಡದೆ ಎದ್ದರೆ ಮರ್ಯಾದೆ ಇಲ್ಲ. ಹೊಟ್ಟೆ ಸಂಜೆವರೆಗೆ ತುಂಬಿತ್ತು, ಬಾಯಾರಿಕೆಯೂ ಸಂಜೆವರೆಗೆ ಇತ್ತು.

ಇನ್ನು ಗ್ರಿಟ್ಸ್. ಮೆಕ್ಕೆಜೋಳದ ತರಿಯನ್ನು ನಿಧಾನಕ್ಕೆ ಬೇಯಿಸಿದ ಗಂಜಿ. ಜಾರ್ಜಿಯಾ ರಾಜ್ಯದವರು 2002ರಲ್ಲಿ ಇದನ್ನು ತಮ್ಮ ರಾಜ್ಯದ ತಿಂಡಿ ಅಂತ ಕಾನೂನಿನಲ್ಲೇ ಬರೆದುಕೊಂಡಿದ್ದಾರೆ. ಸೌತ್ ಕೆರೊಲೈನಾದ ಸಮುದ್ರದ ಕಡೆಯ ಚಾರ್ಲ್ಸ್‌ಟನ್‌ನಲ್ಲಿ ಇದರ ಮೇಲೆ ಸಿಗಡಿ ಹಾಕುತ್ತಾರೆ. ಮೀನುಗಾರರ ಬೆಳಗಿನ ತಿಂಡಿಯಾಗಿದ್ದದ್ದು ಈಗ ದೊಡ್ಡ ಹೋಟೆಲ್‌ಗಳ ಮೆನು ಸೇರಿದೆ. ನಾವೂ ಮೂರೂವರೆ ಗಂಟೆ ಕಾರಿನಲ್ಲಿ ಹೋಗಿ, ಹೆಸರಾದ ಒಂದು ಹೋಟೆಲ್ ಮುಂದೆ ಐವತ್ತು ನಿಮಿಷ ಸಾಲು ನಿಂತೆವು. ಸಿಗಡಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಳಗಿನ ಗ್ರಿಟ್ಸ್ ಮಾತ್ರ ಆರಿ ಕೆನೆಗಟ್ಟಿ, ಚಮಚದಲ್ಲಿ ಎತ್ತಿದರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಒಳಗೆ ಗಂಟು ಬೇರೆ. ಒಂದು ತಟ್ಟೆಗೆ 24 ಡಾಲರ್. ಇದನ್ನೇ ಟ್ರಕ್ಕಿನವರ ಆ ಹೋಟೆಲ್‌ನಲ್ಲಿ ಚಿಕ್ಕ ಬಟ್ಟಲಲ್ಲಿ, ಬೆಣ್ಣೆ ಕರಗುತ್ತಿರುವಾಗಲೇ ತಂದಿಟ್ಟಿದ್ದರು. ನೀವು ಆ ಕಡೆ ಹೋದರೆ ಸಾಲು ಇರುವ ಹೋಟೆಲ್ ಬಿಡಿ, ಪಿಕಪ್ ನಿಂತಿರುವ ಹೋಟೆಲ್ ಹುಡುಕಿ.

ಹ್ಯಾಮ್ ತರಬೇಕು ಅಂತಿದ್ದೆ, ವಿಮಾನದಲ್ಲಿ ಮಾಂಸ ಬೇಡ ಅಂತ ಮಗಳು ಬಿಡಲಿಲ್ಲ. ಗ್ರಿಟ್ಸ್ ಪ್ಯಾಕೆಟ್ ಒಂದು ತಂದೆ. ಊರಿಗೆ ಬಂದ ಮರುದಿನವೇ ಹಂದಿ ಮಾಂಸಕ್ಕೆ ಉಪ್ಪು ಹಾಕಿ ಹುರಿದು, ಬಾಣಲೆಗೆ ನಮ್ಮ ತೋಟದ ರೊಬಸ್ಟಾ ಡಿಕಾಕ್ಷನ್ ಸುರಿದೆ. ವಿಷದಷ್ಟು ಕಹಿ. ಅವರ ನೀರು ಕಾಫಿಯ ಗುಟ್ಟು ಆಗ ಗೊತ್ತಾಯಿತು. ಮುಂದಿನ ವಾರ ಅರೇಬಿಕಾ ತೆಳ್ಳಗೆ ಮಾಡಿ ಹಾಕಿದೆ, ಸರಿಯಾಯಿತು. ಅವ್ವ ಅಕ್ಕಿ ಒಟ್ಟಿಯಲ್ಲಿ ಒಂದು ಸಲ ಅದ್ದಿ ನೋಡಿ, ‘ಕಾಫಿ ಲೋಟದಲ್ಲೇ ಇರಲಿ ಮಗಾ’ ಅಂದರು.

ಗ್ರಿಟ್ಸ್‌ನಲ್ಲಿ ಪಾಪುಟ್ಟು, ಅಂದರೆ ನಮ್ಮ ಅಕ್ಕಿ ತರಿಯ ಹಬೆ ತಿಂಡಿ, ಮಾಡುವ ಐಡಿಯಾನೂ ನನ್ನದೇ. ತರಿ ತಾನೇ, ಅಕ್ಕಿಯದ್ದಾದರೇನು ಜೋಳದ್ದಾದರೇನು ಅಂತ. ಹಾಲು, ತೆಂಗಿನತುರಿ, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಬೆರೆಸಿ ತಟ್ಟೆಗೆ ಹಾಕಿ ಹಬೆಗಿಟ್ಟೆ. ಮುಕ್ಕಾಲು ಗಂಟೆಯಾದರೂ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಕರಕರ. ಹೋಂಸ್ಟೇಯಲ್ಲಿದ್ದ ಮೈಸೂರಿನ ದಂಪತಿ ಮರ್ಯಾದೆಗೆ ಎರಡು ಚಮಚ ತಿಂದು ಇಡ್ಲಿ ಇದೆಯಾ ಅಂತ ಕೇಳಿದರು. ಉಳಿದದ್ದನ್ನು ಅವ್ವ ಹಿತ್ತಲಿಗೆ ತೆಗೆದುಕೊಂಡು ಹೋಗಿ ಕೋಳಿಗಳಿಗೆ ಸುರಿದರು. ಅವು ಹತ್ತು ನಿಮಿಷದಲ್ಲಿ ತಟ್ಟೆ ಸ್ವಚ್ಛ ಮಾಡಿದವು.