ಮೋಲ್ಡ್ ಬಿರುಕಿಗೆ ಲೆಕ್ಕ ಮಾಡಿಸಿದ ಅನುಭವ

ಬೆಂಗಳೂರಿನಲ್ಲಿ ಸ್ಟಿಲ್ಟ್ (ಪಿಲ್ಲರ್‌ಗಳಷ್ಟೇ ಇರುವ ತೆರೆದ ಪಾರ್ಕಿಂಗ್ ಮಟ್ಟ) ಮೇಲೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್, ಎರಡು ಬ್ಲಾಕ್. ನಾನು ಅಲ್ಲಿ ಸೈಟ್ ಎಂಜಿನಿಯರ್. ಮೊದಲ ಬ್ಲಾಕಿನ ಸ್ಟಿಲ್ಟ್ ಮೋಲ್ಡ್, ಅಂದರೆ ಪಾರ್ಕಿಂಗ್ ಮೇಲಿನ ಕಾಂಕ್ರೀಟ್ ಚಾವಣಿ, ಹಾಕಿ ಐದು ತಿಂಗಳಿಗೆ ನಡುಭಾಗದಲ್ಲಿ ಅಡ್ಡಡ್ಡ ಬಿರುಕು ಬಂತು. ಮೇಸ್ತ್ರಿ ಮೇಲಿಂದ ಒಂದು ಬಕೆಟ್ ನೀರು ಸುರಿದ. ಹತ್ತು ನಿಮಿಷಕ್ಕೆ ಕೆಳಗೆ ನಿಂತಿದ್ದ ನನ್ನ ಹೆಲ್ಮೆಟ್ ಮೇಲೆ ತೊಟ್ಟಿಕ್ಕಿತು!

ಡ್ರಾಯಿಂಗ್ ಕೊಟ್ಟವರನ್ನು ಕೇಳಿದರೆ 'ನೀವು ಕ್ಯೂರಿಂಗ್ ಸರಿ ಮಾಡಿಲ್ಲ' ಅಂದರು, ಅಷ್ಟೇ. 14 ದಿನ ನೀರು ಕಟ್ಟಿ ನಿಲ್ಲಿಸಿದವರಿಗೆ ಹೊಟ್ಟೆ ಉರಿಯದೆ ಇರುತ್ತದಾ? ಬೇರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋದೆವು. ಈ ವಿಮರ್ಶೆ ಅವರ ಕೆಲಸದ್ದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಬಂದವರೇ ಜೇಬಿಂದ ಗೆರೆ ಹಾಕಿದ ಪ್ಲಾಸ್ಟಿಕ್ ಕಾರ್ಡ್ ತೆಗೆದು ಬಿರುಕಿಗೆ ಹಿಡಿದರು. ಅಗಲ 0.4 ಮಿ.ಮೀ. ಆಮೇಲೆ ಬಿರುಕು ಬಿಟ್ಟು, ಎರಡು ತುದಿಯ ಕಾಂಕ್ರೀಟ್ ಗೋಡೆ ನೋಡಿದರು. ಒಂದು ಕಡೆ ಲಿಫ್ಟ್, ಇನ್ನೊಂದು ಕಡೆ ಮೆಟ್ಟಿಲು. ನಮ್ಮ ಮೋಲ್ಡ್ 36 ಮೀಟರ್ ಉದ್ದ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456ರಲ್ಲಿ 45 ಮೀಟರ್ ದಾಟಿದರೆ ಜಾಯಿಂಟ್ (ಕಟ್ಟಡವನ್ನು ಬೇರೆ ಮಾಡುವ ಸಂದು) ಅಂತ ಇದೆ, ಅದಕ್ಕೇ ನಾವು ಆರಾಮಾಗಿದ್ದೆವು. 'ಉದ್ದ ಆಮೇಲೆ ಸಾರ್, ಹಿಡಿದಿಟ್ಟವರು ಯಾರು ಅಂತ ಮೊದಲು ನೋಡಿ' ಅಂದರು.

ಸಿಮೆಂಟ್ ಚೀಲದ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಅದೇ ಕೋಡಿನ ಪ್ರಕಾರ ಕಾಂಕ್ರೀಟ್ ಒಣಗುತ್ತಾ ಕುಗ್ಗುವುದು ಉದ್ದದ 0.0003 ಪಾಲು. ಅಂದರೆ 36 ಮೀಟರಿಗೆ ಸುಮಾರು 11 ಮಿ.ಮೀ. ಆ ಗೋಡೆಗಳು ಎರಡೂ ತುದಿ ಪೂರ್ತಿ ಬಿಗಿಹಿಡಿದರೆ ಎಂ25 ದರ್ಜೆಯ ಕಾಂಕ್ರೀಟಿನಲ್ಲಿ ಚದರ ಮಿ.ಮೀ.ಗೆ 7.5 ನ್ಯೂಟನ್ ಎಳೆತ. ಅದು ತಾಳುವುದು ಹೆಚ್ಚೆಂದರೆ 3.5. ಕ್ರೀಪ್‌ನಿಂದ (ಎಳೆತಕ್ಕೆ ಕಾಂಕ್ರೀಟ್ ನಿಧಾನಕ್ಕೆ ಹಿಗ್ಗುವುದರಿಂದ) ಅರ್ಧ ಇಳಿದರೂ ಸೀಳಲೇಬೇಕು. ಗೋಡೆ, ಪಿಲ್ಲರ್ ಎಷ್ಟು ಬಾಗಿ ಬಿಟ್ಟುಕೊಡುತ್ತವೆ ಅನ್ನುವುದರ ಮೇಲೆ ಉಳಿದದ್ದು. ಸ್ಟಿಲ್ಟ್ ಮೋಲ್ಡ್‌ಗೆ ಕೆಳಗಿರುವುದು ಪಾಯ, ಅದು ಅಲ್ಲಾಡಲ್ಲ. ಮೇಲಿನವಕ್ಕೆ ಕೆಳಗಿನ ಮೋಲ್ಡೂ ಜೊತೆಗೇ ಕುಗ್ಗುವುದರಿಂದ ಎಳೆತ ಕಡಿಮೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ!

ಎರಡನೇ ಬ್ಲಾಕಿಗೆ ಅವರು ಹೇಳಿದಂತೆ ಸ್ಟಿಲ್ಟ್ ಮೋಲ್ಡ್ ನಡುವೆ ಒಂದು ಮೀಟರ್ ಜಾಗ (ಸ್ಟ್ರಿಪ್) ಬಿಟ್ಟು, ಎರಡು ಭಾಗವೂ ಬೇರೆಬೇರೆ ಕುಗ್ಗಲಿ ಅಂತ 60 ದಿನ ಆದ ಮೇಲೆ ತುಂಬಿದೆವು. ಉದ್ದಕ್ಕೆ ಹಾಕುವ 8 ಎಂಎಂ ಕಂಬಿ 275 ಮಿ.ಮೀ.ಗೆ ಒಂದರ ಬದಲು 125ಕ್ಕೆ ಒಂದು. ಮೇಲಿನ ಮಹಡಿಗಳಿಗೆ ಸ್ಟ್ರಿಪ್ ಬೇಡ ಅಂದರು, ಅದು ಇಷ್ಟವಾಯಿತು. ಸುಮ್ನೆ ಖರ್ಚು ಮಾಡಿಸುವವರಲ್ಲ.

ಬೇಸರವೂ ಇದೆ. ವಾರದಲ್ಲಿ ಕೊಡುತ್ತೇನೆ ಅಂದ ರಿಪೋರ್ಟ್ ಬಂದಿದ್ದು 26ನೇ ದಿನ. 35,000 ರೂಪಾಯಿ ಫೀಸು ಜಾಸ್ತಿ ಅಲ್ಲ. ಆದರೆ ಎರಡು ತಿಂಗಳು ಆ ಸ್ಟ್ರಿಪ್ ಕೆಳಗೆ ಸೆಂಟ್ರಿಂಗ್ (ಆಸರೆ ಕಂಬ, ಹಲಗೆ) ಹಾಗೇ ಇರಿಸಬೇಕು, ಅದರ ಬಾಡಿಗೆ ಬೇರೆ ಅಂತ ಮೊದಲು ಹೇಳಲಿಲ್ಲ. ನಮ್ಮ ಯಜಮಾನರು ಅದಕ್ಕೆ ಇವತ್ತಿಗೂ ನನ್ನನ್ನೇ ಬೈಯುತ್ತಾರೆ.

ಎರಡನೇ ಬ್ಲಾಕಿಗೆ ಈಗ ಎಂಟು ತಿಂಗಳು. ಮೆಟ್ಟಿಲ ಮೂಲೆಯಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಇದೆ. ಮೇಸ್ತ್ರಿ ಅಲ್ಲೂ ಬಕೆಟ್ ಸುರಿದ, ಇಳಿಯಲಿಲ್ಲ.